ಹೊಸ ರೂಲ್‌ಬುಕ್‌ಗಳು ಆಟಗಾರರಿಗೆ ಕೊಟ್ಟದ್ದು, ಡಿಎಂ ಕೈಯಿಂದ ಜಾರಿದ್ದು

ಹೊಸ ರೂಲ್‌ಬುಕ್ ಬಂದಾಗಲೆಲ್ಲ ಹಳೆಯ ಆಟಗಾರರಿಂದ ಎರಡೇ ಮಾತು ಕೇಳಿಬರುತ್ತವೆ: ಆಟ ಕೆಟ್ಟಿತು, ಇಲ್ಲವೇ ಆಟ ಕೊನೆಗೂ ಸರಿಹೋಯಿತು. ಎರಡೂ ಮಾತು ಪುಸ್ತಕ ಬಿಡಿಸಿ ನೋಡಿದರೆ ನಿಲ್ಲುವುದಿಲ್ಲ. ದಾಳ ಉರುಳಿಸಿ ಕತೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ಪುಸ್ತಕಗಳು ಕ್ಯಾರೆಕ್ಟರ್ ಕಟ್ಟುವವರಿಗೆ, ಆಟದ ನಡುವೆ ನಿಯಮ ಹುಡುಕುವವರಿಗೆ ಹಿಂದಿನ ಎಲ್ಲ ಆವೃತ್ತಿಗಳಿಗಿಂತ ಅನುಕೂಲ. ಆದರೆ ಆಟ ನಡೆಸುವ ಡಂಜನ್ ಮಾಸ್ಟರ್, ಅಂದರೆ ಡಿಎಂಗಳ ಕೆಲಸ ಹಗುರ ಮಾಡುತ್ತಿದ್ದ ಕೆಲವು ಸಣ್ಣ ಯಂತ್ರಗಳು, ಅಂದರೆ ಎರಡು ದಾಳ ಉರುಳಿಸಿ ಒಂದು ಸಾಲು ಓದಿದರೆ ಮುಂದೇನಾಗುತ್ತದೆಂದು ಹೇಳುವ ಪಟ್ಟಿಗಳು, ವರ್ಷ ಕಳೆದಂತೆ ಪುಸ್ತಕಗಳಿಂದ ಹೊರಬಿದ್ದಿವೆ. ಅವನ್ನು ಮತ್ತೆ ಒಳಗೆ ತಂದುಕೊಳ್ಳುವುದು ಕಷ್ಟವೇನಲ್ಲ. ಎಲ್ಲಿ, ಹೇಗೆ ಅನ್ನುವುದೇ ಇವತ್ತಿನ ವಿಷಯ.

ಮೊದಲು ಯಾವ ಪುಸ್ತಕಗಳ ಮಾತು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೆಸರಲ್ಲಿ 1974ರಲ್ಲಿ ಬಂದ ಮೊದಲ ಆಟ ಒಂದು ಪೆಟ್ಟಿಗೆಯೊಳಗಿನ ಮೂರು ಚಿಕ್ಕ ಪುಸ್ತಿಕೆಗಳು. 1981ರ ಬೇಸಿಕ್ ಪುಸ್ತಕ ಬರೀ 64 ಪುಟ. ಇನ್ನು ಐದನೇ ಆವೃತ್ತಿಯ ಪರಿಷ್ಕರಣೆ ನೋಡಿ: ಪ್ಲೇಯರ್ಸ್ ಹ್ಯಾಂಡ್‌ಬುಕ್ 2024ರ ಸೆಪ್ಟೆಂಬರ್‌ನಲ್ಲಿ, ಡಂಜನ್ ಮಾಸ್ಟರ್ಸ್ ಗೈಡ್ ಅದೇ ನವೆಂಬರ್‌ನಲ್ಲಿ, ಮಾನ್ಸ್ಟರ್ ಮ್ಯಾನುಯಲ್ 2025ರ ಫೆಬ್ರವರಿಯಲ್ಲಿ. ಒಂದೊಂದೂ 384 ಪುಟ. ನಿಮ್ಮಲ್ಲಿ ಹೆಚ್ಚಿನವರು ಆಟ ಶುರುಮಾಡಿದ್ದು 2014ರ ಪುಸ್ತಕಗಳಿಂದ ಅಂದುಕೊಂಡು ಅವನ್ನೇ ಹೋಲಿಕೆಗೆ ಇಟ್ಟುಕೊಳ್ಳುತ್ತೇನೆ. ಅವಕ್ಕಿಂತ ಹಳೆಯದರ ಅಗತ್ಯ ಬಿದ್ದಾಗ 1981ರ ಕಡೆಗೆ ಹೋಗೋಣ.

ಒಳ್ಳೆಯದರಿಂದ ಶುರು. ಪ್ರತಿ ಕ್ಯಾರೆಕ್ಟರ್‌ಗೆ ಒಂದು ಕ್ಲಾಸ್, ಅಂದರೆ ವೃತ್ತಿ, ಅದರೊಳಗೆ ಸಬ್‌ಕ್ಲಾಸ್ ಅನ್ನುವ ಕವಲು ಇರುತ್ತದೆ. 2014ರಲ್ಲಿ ಕ್ಲೆರಿಕ್, ಸಾರ್ಸರರ್, ವಾರ್‌ಲಾಕ್ ಆಡುವವರು ಮೊದಲ ಲೆವೆಲ್‌ನಲ್ಲೇ ಸಬ್‌ಕ್ಲಾಸ್ ಆರಿಸಬೇಕಿತ್ತು. ಡ್ರೂಯಿಡ್ ಮತ್ತು ವಿಝರ್ಡ್‌ಗೆ ಎರಡನೇ ಲೆವೆಲ್, ಉಳಿದವರಿಗೆ ಮೂರನೆಯದು. ಆಟವೇ ಗೊತ್ತಿಲ್ಲದವರ ಮುಂದೆ ಕ್ಲೆರಿಕ್‌ನ ಸಬ್‌ಕ್ಲಾಸ್‌ಗಳಾದ ಏಳು ಡೊಮೇನ್ ಹರಡಿ ಒಂದನ್ನು ಆರಿಸು ಅನ್ನುವುದು ಕಷ್ಟದ ಕೆಲಸವಾಗಿತ್ತು. ಈಗ ಹನ್ನೆರಡೂ ಕ್ಲಾಸ್‌ಗೆ ಸಬ್‌ಕ್ಲಾಸ್ ಬರುವುದು ಮೂರನೇ ಲೆವೆಲ್‌ನಲ್ಲೇ. ಆಯಾಸದ ನಿಯಮವೂ ಸರಳವಾಗಿದೆ. ಹಿಂದೆ ಆರು ಮೆಟ್ಟಿಲಿಗೆ ಆರು ಬೇರೆ ಬೇರೆ ಪರಿಣಾಮ ನೆನಪಿಡಬೇಕಿತ್ತು. ಈಗ ಪ್ರತಿ ಮೆಟ್ಟಿಲಿಗೆ ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸುವುದರಲ್ಲೆಲ್ಲ 2 ಕಡಿತ, ನಡಿಗೆಯಲ್ಲಿ 5 ಅಡಿ ಕಡಿತ, ಆರನೆಯದಕ್ಕೆ ಸಾವು. ಮೊದಲ ಮೆಟ್ಟಿಲಿನ ಕಡಿತ ಸಣ್ಣದಾದ್ದರಿಂದ ಡಿಎಂಗಳೂ ಇದನ್ನು ಹಿಂಜರಿಯದೆ ಬಳಸಬಹುದು. ಗಾಯ ವಾಸಿಮಾಡುವ ಸ್ಪೆಲ್ (ಮಂತ್ರ) ಕ್ಯೂರ್ ವೂಂಡ್ಸ್ 1ಡಿ8 (ಎಂಟು ಮುಖದ ಒಂದು ದಾಳ) ಇದ್ದದ್ದು 2ಡಿ8 ಆಗಿದೆ, ಮದ್ದು ಕುಡಿಯುವುದು ಬೋನಸ್ ಆಕ್ಷನ್ (ಸರದಿಯ ಮುಖ್ಯ ಕೆಲಸದ ಜೊತೆಗೇ ಮಾಡಬಹುದಾದದ್ದು) ಆಗಿದೆ. ಹಿಂದೆ ಗಾಯ ವಾಸಿಮಾಡುವುದೆಂದರೆ ಒಂದು ಸರದಿ ಕಳೆದುಕೊಂಡಂತೆ, ಅದಕ್ಕೇ ಗೆಳೆಯನ ಪ್ರಾಣದ ಅಂಕ ಸೊನ್ನೆಗೆ ಬೀಳುವವರೆಗೆ ಯಾರೂ ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. ಆ ಕೊರತೆ ಬಹುಮಟ್ಟಿಗೆ ನೀಗಿದೆ.

ಆಯುಧಗಳ ಮಾಸ್ಟರಿ ಗುಣ ಹೊಸದು. ಕ್ಲೀವ್, ಗ್ರೇಜ್, ನಿಕ್, ಪುಶ್, ಸ್ಯಾಪ್, ಸ್ಲೋ, ಟಾಪಲ್, ವೆಕ್ಸ್ ಅಂತ ಎಂಟು. ಗ್ರೇಟ್‌ಸೋರ್ಡ್ ಗುರಿ ತಪ್ಪಿದರೂ ಶಕ್ತಿಯ ಮಾಡಿಫೈಯರ್‌ನಷ್ಟು (ಶಕ್ತಿಯ ಅಂಕದಿಂದ ಬರುವ ಕೂಡಿಕೆಯಷ್ಟು) ಪೆಟ್ಟು ಕೊಡುತ್ತದೆ, ಅದು ಗ್ರೇಜ್. ಲಾಂಗ್‌ಸೋರ್ಡ್ ತಾಗಿದರೆ ಎದುರಾಳಿಯ ಮುಂದಿನ ಏಟಿಗೆ ಡಿಸ್‌ಅಡ್ವಾಂಟೇಜ್ (ಎರಡು ಡಿ20 ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು), ಅದು ಸ್ಯಾಪ್. ಆಯುಧದ ಆಯ್ಕೆಗೆ ಹಾನಿಯ ದಾಳದ ಗಾತ್ರ ಬಿಟ್ಟು ಇನ್ನೊಂದು ಅರ್ಥ ಬಂದಿದೆ. ಫೈಟರ್ ಆಡುವವರಿಗೆ ತಮ್ಮ ಸರದಿಯಲ್ಲಿ ಯೋಚಿಸಲು ಏನಾದರೂ ಇರಬೇಕು ಅಂತ ಬಹಳ ವರ್ಷ ವಾದಿಸಿದವರಿಗೆ ಇದು ನಿಜವಾದ ಉತ್ತರ.

ಟೇಬಲ್ ಮೇಲೆ ತೊಂದರೆ ಕೊಡುವುದು ಟಾಪಲ್, ಎದುರಾಳಿಯನ್ನು ನೆಲಕ್ಕೆ ಬೀಳಿಸುವ ಗುಣ. ಶಕ್ತಿ 18 ಇರುವ ಐದನೇ ಲೆವೆಲ್ ಫೈಟರ್ ಕೈಯಲ್ಲಿ ಮಾಲ್ (ದೊಡ್ಡ ಸುತ್ತಿಗೆ) ಇದೆ ಅನ್ನಿ. ಒಂದು ಸರದಿಗೆ ಎರಡು ಏಟು, ಆಕ್ಷನ್ ಸರ್ಜ್ ಬಳಸಿದರೆ ನಾಲ್ಕು. ತಾಗಿದ ಪ್ರತಿ ಏಟಿಗೂ ಎದುರಾಳಿ ಕಾನ್ಸ್ಟಿಟ್ಯೂಷನ್ ಸೇವ್ (ದೇಹದಾರ್ಢ್ಯದಿಂದ ತಪ್ಪಿಸಿಕೊಳ್ಳುವ ದಾಳ) ಉರುಳಿಸಬೇಕು. ಆಟಗಾರ ಏಟು ಉರುಳಿಸುತ್ತಾನೆ, ಡಿಎಂ ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕಿ) ನೋಡುತ್ತಾರೆ, ಆಟಗಾರ ಹಾನಿ ಉರುಳಿಸುತ್ತಾನೆ, ಡಿಎಂ ಡಿಸಿ (ದಾಳ ಗೆಲ್ಲಲು ಮುಟ್ಟಬೇಕಾದ ಅಂಕಿ) ಎಷ್ಟು ಅಂತ ಕೇಳುತ್ತಾರೆ, ಆಟಗಾರ ಹಾಳೆ ಹುಡುಕುತ್ತಾನೆ. ಒಂದೇ ಸರದಿಯಲ್ಲಿ ಇಷ್ಟೂ ನಾಲ್ಕು ಸಲ! ಪರಿಹಾರ ಹೀಗೆ: ಡಿಸಿಯನ್ನು ಕ್ಯಾರೆಕ್ಟರ್ ಹಾಳೆಯ ಆಯುಧದ ಸಾಲಿನಲ್ಲೇ ಬರೆದಿಡಿ, 8 ಕೂಡಿಸು ಶಕ್ತಿಯ 4 ಕೂಡಿಸು ಲೆವೆಲ್‌ನಿಂದ ಬರುವ 3, ಒಟ್ಟು 15. ಏಟಿನ ದಾಳ ಮತ್ತು ಹಾನಿಯ ದಾಳ ಒಟ್ಟಿಗೇ ಉರುಳಲಿ. ಡಿಎಂ ತಮ್ಮ ಮಾನ್ಸ್ಟರ್‌ಗಳ ಕಾನ್ಸ್ಟಿಟ್ಯೂಷನ್ ಸೇವನ್ನು ಇನಿಶಿಯೇಟಿವ್ (ಸರದಿಯ ಕ್ರಮದ) ಪಟ್ಟಿಯಲ್ಲೇ ಪಕ್ಕಕ್ಕೆ ಗುರುತು ಹಾಕಿಕೊಳ್ಳಲಿ. ನೆಲಕ್ಕೆ ಬಿದ್ದ ಮಾನ್ಸ್ಟರ್ ಮೇಲೆ ಉಳಿದ ಏಟುಗಳಿಗೆ ಮತ್ತೆ ಸೇವ್ ಬೇಡ, ಅದು ಆಗಲೇ ಬಿದ್ದಿದೆ. ಇಷ್ಟು ಮಾಡಿದರೆ ಅರ್ಧ ಸಮಯ ಉಳಿಯುತ್ತದೆ.

ಬ್ಯಾಕ್‌ಗ್ರೌಂಡ್ (ಕ್ಯಾರೆಕ್ಟರ್‌ನ ಹಿನ್ನೆಲೆ) ವಿಷಯದಲ್ಲಿ ಮಾತ್ರ ಹೊಸ ಪುಸ್ತಕ ಒಂದು ಗಂಟು ಬಿಚ್ಚಿ ಇನ್ನೊಂದು ಕಟ್ಟಿದೆ. 2014ರಲ್ಲಿ ಸಾಮರ್ಥ್ಯದ ಅಂಕಗಳು ಹುಟ್ಟಿನಿಂದ ಬರುತ್ತಿದ್ದವು, ಮೌಂಟನ್ ಡ್ವಾರ್ಫ್ ಅಂದರೆ ಶಕ್ತಿಗೆ 2, ಕಾನ್ಸ್ಟಿಟ್ಯೂಷನ್‌ಗೆ 2. ಹಾಗಾಗಿ ಡ್ವಾರ್ಫ್ ವಿಝರ್ಡ್ ಆಡಬೇಕೆಂದವರು ಒಂದು ಹೆಜ್ಜೆ ಹಿಂದೆಯೇ ಶುರುಮಾಡಬೇಕಿತ್ತು. ಈಗ ಅಂಕಗಳು ಬರುವುದು ಹದಿನಾರು ಬ್ಯಾಕ್‌ಗ್ರೌಂಡ್‌ಗಳಿಂದ. ಪ್ರತಿಯೊಂದಕ್ಕೂ ಮೂರು ಸಾಮರ್ಥ್ಯ ಗೊತ್ತುಮಾಡಿದ್ದಾರೆ, ಜೊತೆಗೆ ಒಂದು ಫೀಟ್ (ವಿಶೇಷ ಕೌಶಲ). ಸೈನಿಕ ಅಂದರೆ ಶಕ್ತಿ, ಡೆಕ್ಸ್‌ಟೆರಿಟಿ, ಕಾನ್ಸ್ಟಿಟ್ಯೂಷನ್. ಅಕೊಲೈಟ್ (ದೇವಾಲಯದ ಸೇವಕ) ಅಂದರೆ ಇಂಟೆಲಿಜೆನ್ಸ್, ವಿಸ್ಡಮ್, ಕರಿಸ್ಮಾ. ಹಾಗಾದರೆ ಸೈನ್ಯದಲ್ಲಿದ್ದು ಬಂದ ವಿಝರ್ಡ್ ಇಂಟೆಲಿಜೆನ್ಸ್ ಏರಿಸಿಕೊಳ್ಳುವಂತಿಲ್ಲ, ದೇವಾಲಯದಲ್ಲಿ ಬೆಳೆದ ಫೈಟರ್ ಶಕ್ತಿ ಏರಿಸಿಕೊಳ್ಳುವಂತಿಲ್ಲ. ಕತೆಗೆ ಜೀವ ಕೊಡುವ ಜೋಡಿಗಳೇ ಇವು, ಅವಕ್ಕೇ ದಂಡ! ಹೊಸ ಬ್ಯಾಕ್‌ಗ್ರೌಂಡ್ ರಚಿಸುವ ದಾರಿ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿದೆ, ಆಟಗಾರರ ಕೈಲಿರುವ ಪುಸ್ತಕದಲ್ಲಿಲ್ಲ. ಡಿಎಂಗಳು ಮೊದಲ ದಿನವೇ ಹೇಳಿಬಿಡಿ: ಯಾವ ಬ್ಯಾಕ್‌ಗ್ರೌಂಡ್ ಆದರೂ ಸಾಮರ್ಥ್ಯಗಳು ನಿಮ್ಮ ಇಷ್ಟ, ಒಂದಕ್ಕೆ 2 ಮತ್ತೊಂದಕ್ಕೆ 1, ಇಲ್ಲವೇ ಮೂರಕ್ಕೆ ಒಂದೊಂದು. ಇದರಿಂದ ಆಟದ ಸಮತೋಲನ ಕೆಡುವುದಿಲ್ಲ.

ನಿಯಮ ಹುಡುಕುವುದರ ಬಗ್ಗೆ ಒಂದು ಮಾತು. ಹ್ಯಾಂಡ್‌ಬುಕ್‌ನ ಕೊನೆಗೆ ಅಕಾರಾದಿಯಾಗಿ ರೂಲ್ಸ್ ಗ್ಲಾಸರಿ ಕೊಟ್ಟಿದ್ದಾರೆ. ಎಷ್ಟೋ ವರ್ಷಗಳಿಂದ ಬೇಕಿದ್ದದ್ದು. ಅಲ್ಲಿಗೆ ಒಂದು ಬಣ್ಣದ ಚೀಟಿ ಅಂಟಿಸಿಡಿ, ಆಟದಲ್ಲಿ ಅತಿ ಹೆಚ್ಚು ತೆರೆಯುವ ಪುಟಗಳು ಅವೇ. ಆದರೆ ಅಡಗುವ ನಿಯಮ ಓದುವಾಗ ಎಚ್ಚರ. ಹೈಡ್ ಅಂತ ತೆಗೆದರೆ ಡಿಸಿ 15ರ ಸ್ಟೆಲ್ತ್ (ಸದ್ದಿಲ್ಲದೆ ಅಡಗುವ ದಾಳ), ಗೆದ್ದರೆ ಇನ್‌ವಿಸಿಬಲ್ (ಕಣ್ಣಿಗೆ ಕಾಣದ) ಸ್ಥಿತಿ ಅಂತ ಇದೆ. ಇಷ್ಟನ್ನೇ ಓದಿದವರು ರೋಗ್ (ಕಳ್ಳನ ಕ್ಲಾಸ್) ಗಾಳಿಯಲ್ಲಿ ಕರಗಿಹೋದ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಡಗಲು ಮೊದಲೇ ಮರೆ ಇರಬೇಕು, ಶತ್ರುವಿನ ಕಣ್ಣಿಗೆ ಬೀಳುತ್ತಿರಬಾರದು. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ಏಟು ಹಾಕಿದರೆ, ಬಾಯಲ್ಲಿ ಹೇಳುವ ಸ್ಪೆಲ್ ಬಳಸಿದರೆ, ಶತ್ರು ಕಂಡುಹಿಡಿದರೆ ಆ ಸ್ಥಿತಿ ಮುಗಿಯಿತು. ಹೈಡ್ ಮತ್ತು ಇನ್‌ವಿಸಿಬಲ್ ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಮಾತ್ರ ಅರ್ಥವಾಗುತ್ತದೆ. ಇದನ್ನು ಒಂದೇ ಕಡೆ ಬರೆಯಬಹುದಿತ್ತು.

ಇನ್ನು ಡಿಎಂಗಳ ಪುಸ್ತಕ. ಕಾಳಗ ಎಷ್ಟು ಕಠಿಣ ಅಂತ ಅಳೆಯುವ ಲೆಕ್ಕ ಬದಲಾಗಿದೆ, ಇಲ್ಲಿ ಹೊಸ ಡಿಎಂಗಳು ಕಾಲು ಜಾರುತ್ತಾರೆ. ಒಂದೇ ಉದಾಹರಣೆ ಹಿಡಿದು ಕೊನೆತನಕ ಹೋಗೋಣ: ಮೊದಲ ಲೆವೆಲ್‌ನ ನಾಲ್ವರು, ಎದುರಿಗೆ ಪುಟ್ಟ ದುಷ್ಟ ಜೀವಿಗಳಾದ ಆರು ಗಾಬ್ಲಿನ್.

ಗಾಬ್ಲಿನ್ ಒಂದಕ್ಕೆ 50 ಎಕ್ಸ್‌ಪಿ (ಸೋಲಿಸಿದ್ದಕ್ಕೆ ಸಿಗುವ ಅನುಭವದ ಅಂಕ), ಆರಕ್ಕೆ 300. 2014ರ ಲೆಕ್ಕದಲ್ಲಿ ಮೂರರಿಂದ ಆರು ಮಾನ್ಸ್ಟರ್ ಇದ್ದರೆ ಮೊತ್ತವನ್ನು ಎರಡರಿಂದ ಗುಣಿಸಬೇಕು, ಆಗ 600. ಮೊದಲ ಲೆವೆಲ್‌ನಲ್ಲಿ ಮಾರಕ ಅನ್ನುವ ಗೆರೆ ತಲಾ 100, ನಾಲ್ವರಿಗೆ 400. ಅಂದರೆ ಈ ಕಾಳಗ ಮಾರಕ ಗೆರೆಯನ್ನೂ ದಾಟಿ ಮುಂದೆ ಹೋಗಿದೆ. 2024ರಲ್ಲಿ ಗುಣಿಸುವುದೇ ಇಲ್ಲ. ಲೋ, ಮಾಡರೇಟ್, ಹೈ ಅಂತ ಮೂರೇ ದರ್ಜೆ, ಮೊದಲ ಲೆವೆಲ್‌ಗೆ ತಲಾ 50, 75, 100. ನಾಲ್ವರ ಮಾಡರೇಟ್ ಬಜೆಟ್ 300. ನಮ್ಮ ಆರು ಗಾಬ್ಲಿನ್ ಸರಿಯಾಗಿ ಅದರೊಳಗೆ ಕೂತವು. ಹೈ ಬಜೆಟ್ ಪೂರ್ತಿ ಬಳಸಿದರೆ ಎಂಟು ಗಾಬ್ಲಿನ್ ಬರುತ್ತವೆ. ಹಳೆಯ ಲೆಕ್ಕದಲ್ಲಿ ಅದು 400ರ ಎರಡೂವರೆ ಪಟ್ಟು, 1000.

ಅದೇ ಹೊತ್ತಿಗೆ ಗಾಬ್ಲಿನ್ ಕೂಡ ಗಟ್ಟಿಯಾಗಿದೆ. 2014ರಲ್ಲಿ ಅದರ ಪ್ರಾಣ 7, ಹೊಸ ಪುಸ್ತಕದ ಗಾಬ್ಲಿನ್ ವಾರಿಯರ್‌ಗೆ 10. ಲಾಂಗ್‌ಸೋರ್ಡ್ ಹಿಡಿದ ಫೈಟರ್ 1ಡಿ8 ಮತ್ತು 3 ಹಾನಿ ಮಾಡುತ್ತಾನೆ ಅನ್ನಿ. ಹಳೆಯ ಗಾಬ್ಲಿನ್ ಸಾಯಲು ದಾಳದಲ್ಲಿ 4 ಅಥವಾ ಮೇಲೆ ಬಂದರೆ ಸಾಕು, ಎಂಟರಲ್ಲಿ ಐದು ಅವಕಾಶ. ಹೊಸದಕ್ಕೆ 7 ಅಥವಾ 8 ಬೇಕು, ಎಂಟರಲ್ಲಿ ಎರಡೇ. ಒಂದೇ ಏಟಿಗೆ ಉರುಳುತ್ತಿದ್ದದ್ದು ಈಗ ಬಹುತೇಕ ಎರಡು ಏಟು ಬೇಡುತ್ತದೆ, ಆ ನಡುವೆ ಅದೂ ಇನ್ನೊಂದು ಸಲ ಹೊಡೆಯುತ್ತದೆ. ಎಸಿ 16 ಇರುವವರ ಮೇಲೆ ಗಾಬ್ಲಿನ್‌ನ ಏಟು ತಾಗಲು ಡಿ20ಯಲ್ಲಿ 12 ಬೇಕು, ನೂರಕ್ಕೆ 45. ಆರೂ ಹೊಡೆದರೆ ಸರಾಸರಿ 2.7 ಏಟು ತಾಗುತ್ತವೆ, ಒಂದಕ್ಕೆ 5.5 ಹಾನಿ, ಒಂದು ಸುತ್ತಿಗೆ ಸುಮಾರು 15. ಕ್ರಿಟಿಕಲ್ (ಡಿ20ಯಲ್ಲಿ 20 ಬಂದ ಏಟು) ಮತ್ತು ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚಿನದನ್ನು ಹಿಡಿಯುವುದು) ಇದ್ದಾಗ ಸೇರುವ ಹೆಚ್ಚುವರಿ ಹಾನಿ ಇದರಲ್ಲಿ ಸೇರಿಲ್ಲ. ಕಾನ್ಸ್ಟಿಟ್ಯೂಷನ್ 14 ಇರುವ ಫೈಟರ್‌ನ ಪ್ರಾಣ 12, ವಿಝರ್ಡ್‌ನದು 8. ಎಲ್ಲವೂ ಒಬ್ಬರ ಮೇಲೆ ಬಿದ್ದರೆ ಮೊದಲ ಸುತ್ತಿನಲ್ಲೇ ಒಬ್ಬರು ನೆಲಕ್ಕೆ. ಇದಕ್ಕೆ ಮಾಡರೇಟ್ ಅಂತ ಹೆಸರು.

ಗುಣಿಸುವುದನ್ನು ಸುಮ್ಮನೆ ತೆಗೆದುಹಾಕಿದ್ದಲ್ಲ. ಐದನೇ ಲೆವೆಲ್‌ನಲ್ಲಿ ವಿಝರ್ಡ್ ಕೈಗೆ ಫೈರ್‌ಬಾಲ್ ಬರುತ್ತದೆ, 8ಡಿ6, ಸರಾಸರಿ 28. ಇಪ್ಪತ್ತು ಅಡಿ ತ್ರಿಜ್ಯದೊಳಗೆ ಎಷ್ಟು ಗಾಬ್ಲಿನ್ ಇದ್ದರೂ ಒಂದೇ ಗತಿ. ಅಲ್ಲಿ ಹಳೆಯ ಗುಣಾಕಾರ ಸುಲಭದ ಕಾಳಗವನ್ನೂ ಮಾರಕ ಅಂತ ತೋರಿಸಿ ಡಿಎಂಗಳನ್ನು ವಿನಾಕಾರಣ ಹೆದರಿಸುತ್ತಿತ್ತು. ಹಾಗಾಗಿ ಮೂರನೇ ಲೆವೆಲ್ ಮುಟ್ಟಿದ ಮೇಲೆ ಹೊಸ ಲೆಕ್ಕವನ್ನೇ ನೆಚ್ಚಿಕೊಳ್ಳಿ, ಅದು ಹಳೆಯದಕ್ಕಿಂತ ಸರಿ. ಮೊದಲೆರಡು ಲೆವೆಲ್‌ನಲ್ಲಿ ಮಾತ್ರ ಮಾನ್ಸ್ಟರ್‌ಗಳ ಸಂಖ್ಯೆ ಆಟಗಾರರ ಸಂಖ್ಯೆಯನ್ನು ಮೀರದಂತೆ ನೋಡಿಕೊಳ್ಳಿ. ಒಬ್ಬ ಆಟಗಾರನಿಗೆ ಎರಡಕ್ಕಿಂತ ಹೆಚ್ಚು ಮಾನ್ಸ್ಟರ್ ಹಾಕುವಾಗ ಬೇಗ ಸಾಯುವಂಥವನ್ನು ಆರಿಸಿ ಅಂತ ಪುಸ್ತಕವೇ ಎಚ್ಚರಿಸುತ್ತದೆ, ಆದರೆ ನಮ್ಮ ಆರಾಗಲಿ ಎಂಟಾಗಲಿ ಆ ಮಿತಿಯನ್ನು ದಾಟುವುದೇ ಇಲ್ಲ. ದೊಡ್ಡ ಗುಂಪು ಬೇಕೇ ಬೇಕು ಅಂದರೆ ಗಾಬ್ಲಿನ್ ಮಿನಿಯನ್ ಇದೆ, ಒಂದಕ್ಕೆ 25 ಎಕ್ಸ್‌ಪಿ. ಎರಡು ವಾರಿಯರ್, ನಾಲ್ಕು ಮಿನಿಯನ್, ಅದೂ ಎರಡು ಕಂತಿನಲ್ಲಿ ಬರಲಿ.

ಇನ್ನೊಂದು ಹೊರಬಿದ್ದದ್ದು ದಿನದ ಲೆಕ್ಕ. ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ ಅಂತ 2014ರಲ್ಲಿ ಬರೆದಿದ್ದರು. ಯಾರ ಮನೆಯ ಟೇಬಲ್‌ನಲ್ಲೂ ಅಷ್ಟು ಆಗುವುದಿಲ್ಲ, ನಿಜ. ಆದರೆ ಅದನ್ನು ತೆಗೆದ ಮೇಲೆ ದಿನಕ್ಕೆ ಒಂದೇ ದೊಡ್ಡ ಕಾಳಗ ಇಟ್ಟರೆ ಏನಾಗುತ್ತದೆಂದು ಹೊಸ ಡಿಎಂಗೆ ಗೊತ್ತಾಗುವುದಿಲ್ಲ. ಐದನೇ ಲೆವೆಲ್ ವಿಝರ್ಡ್ ಹತ್ತಿರ ಒಂಬತ್ತು ಸ್ಲಾಟ್ (ಸ್ಪೆಲ್ ಬಳಸುವ ಅವಕಾಶ) ಇವೆ. ಒಂದೇ ಕಾಳಗವಿದ್ದರೆ ದೊಡ್ಡವನ್ನೆಲ್ಲ ಅಲ್ಲೇ ಸುರಿಯುತ್ತಾನೆ, ವಾರ್‌ಲಾಕ್ ತನ್ನ ಎರಡೇ ಸ್ಲಾಟ್ ಮುಗಿಸಿ ಕೂರುತ್ತಾನೆ. ಎರಡು ಲಾಂಗ್ ರೆಸ್ಟ್ (ಪೂರ್ತಿ ವಿಶ್ರಾಂತಿ) ನಡುವೆ ಕನಿಷ್ಠ ಮೂರು ಕಾಳಗ, ಒಂದೆರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಇರಲಿ. ಒಂದೇ ಸಂಜೆಯಲ್ಲಿ ಮುಗಿಸಬೇಕಿಲ್ಲ, ಆಟದೊಳಗಿನ ದಿನ ಮೂರು ವಾರ ಎಳೆದರೂ ನಡೆಯುತ್ತದೆ.

ಈಗ ಹಳೆಯ ಗಾಬ್ಲಿನ್ ನೋಡೋಣ. 1981ರ ಬೇಸಿಕ್ ನಿಯಮಗಳನ್ನು ಹಾಗೇ ಉಳಿಸಿಕೊಂಡು, ಅಚ್ಚುಕಟ್ಟಾಗಿ ಜೋಡಿಸಿ 2019ರಲ್ಲಿ ಹೊರಬಂದ ಓಲ್ಡ್‌ ಸ್ಕೂಲ್ ಎಸೆನ್ಷಿಯಲ್ಸ್‌ನಲ್ಲಿ ಗಾಬ್ಲಿನ್‌ಗೆ ಇರುವುದು ಕೆಲವೇ ಸಾಲು. ಅದರಲ್ಲಿ ಎರಡು ಅಂಕಿಗಳ ಮೇಲೆ ಕಣ್ಣಿಡಿ. ಒಂದು, ಎಷ್ಟು ಕಾಣಿಸುತ್ತವೆ: 2ಡಿ4, ಬೀಡಿನಲ್ಲಾದರೆ 6ಡಿ10. ಎರಡು, ಮೊರೇಲ್, ಅಂದರೆ ಧೈರ್ಯ: 7, ದೊರೆ ಜೊತೆಗಿದ್ದರೆ 9. 2014ರ ಪುಸ್ತಕದಲ್ಲೂ 2024ರ ಪುಸ್ತಕದಲ್ಲೂ ಮಾನ್ಸ್ಟರ್‌ನ ಜೊತೆ ಈ ಎರಡು ಅಂಕಿ ಬರುವುದಿಲ್ಲ.

ಎಷ್ಟು ಕಾಣಿಸುತ್ತವೆ ಅನ್ನುವ ಅಂಕಿ ಗುಹೆಯ ನಕ್ಷೆ ಬರೆಯುವವರಿಗೆ ಮಾಹಿತಿ. ದಾರಿಯಲ್ಲಿ ಸಿಕ್ಕಿದ್ದು ಐದು, ಹಾಗಾದರೆ ಬೀಡಿನಲ್ಲಿ ಸರಾಸರಿ 33 ಇವೆ. ಅಷ್ಟನ್ನು ಎದುರಿಸಿ ಗೆಲ್ಲಲಾಗದು ಅಂತ ಆಟಗಾರರಿಗೂ ಬೇಗ ತಿಳಿಯುತ್ತದೆ, ಆಮೇಲೆ ಅವರು ಹೊಗೆ ಹಾಕುವ, ಸಂಧಾನ ಮಾಡುವ, ಹಿಂಬಾಗಿಲು ಹುಡುಕುವ ಯೋಚನೆಗೆ ತೊಡಗುತ್ತಾರೆ. ಬಜೆಟ್ ಲೆಕ್ಕದಿಂದ ಹುಟ್ಟಿದ ಗುಹೆಯಲ್ಲಿ ಪ್ರತಿ ಕೋಣೆಯೂ ಗೆಲ್ಲಬಹುದಾದಷ್ಟೇ ಇರುತ್ತದೆ, ಹಾಗಾಗಿ ಯೋಚಿಸುವ ಅಗತ್ಯವೇ ಬರುವುದಿಲ್ಲ.

ಮೊರೇಲ್ ಬಳಸುವುದು ಹೀಗೆ. ಶತ್ರುಗಳಲ್ಲಿ ಮೊದಲನೆಯದು ಸತ್ತಾಗ ಒಮ್ಮೆ, ಅರ್ಧದಷ್ಟು ಉರುಳಿದಾಗ ಇನ್ನೊಮ್ಮೆ, 2ಡಿ6 ಉರುಳಿಸಿ. ಮೊರೇಲ್ ಅಂಕಿಗಿಂತ ಹೆಚ್ಚು ಬಂದರೆ ಅವು ಓಡುತ್ತವೆ, ಇಲ್ಲವೇ ಶರಣಾಗುತ್ತವೆ. ಮೊರೇಲ್ 7 ಇರುವ ಗಾಬ್ಲಿನ್ ಒಂದು ಪರೀಕ್ಷೆಯಲ್ಲಿ ಓಡುವ ಸಾಧ್ಯತೆ 36ರಲ್ಲಿ 15. ದೊರೆ ನಿಂತಿದ್ದರೆ 36ರಲ್ಲಿ 6. ಆಗ ದೊರೆಯನ್ನು ಮೊದಲು ಬೀಳಿಸಬೇಕು ಅನ್ನುವ ತಂತ್ರ ತಾನಾಗಿಯೇ ಹುಟ್ಟುತ್ತದೆ. ನಾಯಕನಿರುವ ಓರ್ಕ್‌ಗೆ 8, ಓಗರ್‌ಗೆ 10, ಅಸ್ಥಿಪಂಜರಕ್ಕೆ 12, ಅಂದರೆ ಅದು ಯಾವತ್ತೂ ಓಡದು. ಈ ಅಂಕಿಗಳನ್ನು ಐದನೇ ಆವೃತ್ತಿಯ ಮಾನ್ಸ್ಟರ್‌ಗೆ ಹಾಗೇ ಹಚ್ಚಬಹುದು, ಬೇರೇನೂ ಬದಲಿಸಬೇಕಿಲ್ಲ. ಓಡಿಹೋದವಕ್ಕೂ ಪೂರ್ತಿ ಎಕ್ಸ್‌ಪಿ ಕೊಡಿ. ಇಲ್ಲದಿದ್ದರೆ ಆಟಗಾರರು ಬೆನ್ನಟ್ಟಿ ಕೊಲ್ಲಲು ಹೋಗುತ್ತಾರೆ, ಕಾಳಗ ಬೇಗ ಮುಗಿಯಲೆಂದು ತಂದ ನಿಯಮ ಅದನ್ನು ಇನ್ನೂ ಉದ್ದ ಮಾಡುತ್ತದೆ.

ಇದರ ಜೋಡಿ ರಿಯಾಕ್ಷನ್ ದಾಳ. ಭೇಟಿಯಾದ ಕ್ಷಣ, ಕತ್ತಿ ಹಿರಿಯುವ ಮೊದಲು, 2ಡಿ6. 2 ಬಂದರೆ ದಾಳಿ. 3ರಿಂದ 5 ಬಂದರೆ ಹಗೆ, ದಾಳಿ ಮಾಡಿದರೂ ಮಾಡಬಹುದು. 6ರಿಂದ 8 ಬಂದರೆ ಗೊಂದಲ, 9ರಿಂದ 11ಕ್ಕೆ ತಟಸ್ಥ, 12 ಬಂದರೆ ಸ್ನೇಹ. ಲೆಕ್ಕ ಹಾಕಿದರೆ 36ರಲ್ಲಿ 26 ಸಲ ಮಾತಿಗೆ ಜಾಗವಿದೆ. ಹಳೆಯ ಆಟ ಬರೀ ಹೊಡೆದಾಟ ಅಂತ ಹೇಳುವವರು ಈ ಪಟ್ಟಿಯನ್ನು ಬಳಸಿ ನೋಡಿಲ್ಲ. ಗೊಂದಲದಲ್ಲಿರುವ ಗಾಬ್ಲಿನ್ ಏನು ಮಾಡುತ್ತದೆ? ಅದಕ್ಕೆ ಹಸಿವಾಗಿದೆ, ಅಥವಾ ತನ್ನ ಕಾವಲಿನ ಸರದಿ ಮುಗಿಯಲೆಂದು ಕಾಯುತ್ತಿದೆ. ದಾಳ ಡಿಎಂ ಕೈಗೆ ಒಂದು ಪ್ರಶ್ನೆ ಕೊಡುತ್ತದೆ, ಉತ್ತರ ಆ ಹೊತ್ತಿಗೆ ಹೊಳೆಯುತ್ತದೆ.

ಬೆಳಕಿನ ವಿಷಯಕ್ಕೆ ಬರೋಣ. ಬೇಸಿಕ್‌ನಲ್ಲಿ ಹತ್ತು ನಿಮಿಷಕ್ಕೆ ಒಂದು ಟರ್ನ್, ಪಂಜು ಆರು ಟರ್ನ್, ಲಾಂದ್ರ ಇಪ್ಪತ್ತನಾಲ್ಕು. ಎರಡು ಟರ್ನ್‌ಗೊಮ್ಮೆ ಡಿ6 ಉರುಳಿಸಿ 1 ಬಂದರೆ ಏನೋ ಎದುರಾಗುತ್ತದೆ. ಗೋಡೆ ತಟ್ಟಿ ಹುಡುಕುತ್ತಾ ಕೂತರೆ ಪಂಜು ಉರಿಯುತ್ತದೆ, ದಾಳವೂ ಉರುಳುತ್ತದೆ. ಅವಸರ ಹುಟ್ಟುತ್ತಿದ್ದದ್ದು ಹೀಗೆ. 2024ರಲ್ಲೂ ಪಂಜು ಒಂದು ಗಂಟೆಯೇ ಉರಿಯುತ್ತದೆ, ಆದರೆ ಹತ್ತು ಸ್ಪೀಶೀಸ್‌ಗಳಲ್ಲಿ (ಕ್ಯಾರೆಕ್ಟರ್‌ಗಳ ಕುಲ) ಏಳಕ್ಕೆ ಡಾರ್ಕ್‌ವಿಷನ್ (ಕತ್ತಲೆಯಲ್ಲಿ ಕಾಣುವ ಗುಣ) ಇದೆ. ಮನುಷ್ಯ, ಹಾಫ್ಲಿಂಗ್, ಗೋಲಯತ್ ಮೂವರಿಗೇ ಇಲ್ಲ. ಬೆಳಕು ಕೊಡುವ ಸಣ್ಣ ಸ್ಪೆಲ್ ಲೈಟ್ ಕ್ಯಾಂಟ್ರಿಪ್ ಪುಕ್ಕಟೆ ಸಿಗುತ್ತದೆ. ಕತ್ತಲೆಗೆ ಬೆಲೆಯೇ ಉಳಿದಿಲ್ಲ.

ಹಾಗೆಂದು ಡಾರ್ಕ್‌ವಿಷನ್ ನಿಷೇಧಿಸಬೇಕಿಲ್ಲ, ಇರುವ ನಿಯಮವನ್ನು ಪಾಲಿಸಿದರೆ ಸಾಕು. ಅದು ಕತ್ತಲೆಯನ್ನು ಮಬ್ಬು ಬೆಳಕಾಗಿಸುತ್ತದೆ ಅಷ್ಟೇ. ಮಬ್ಬಿನಲ್ಲಿ ಕಣ್ಣಿನ ಪರ್ಸೆಪ್ಷನ್‌ಗೆ (ಗಮನಿಸುವ ದಾಳಕ್ಕೆ) ಡಿಸ್‌ಅಡ್ವಾಂಟೇಜ್, ಅಂದರೆ ಪ್ಯಾಸಿವ್ (ದಾಳ ಉರುಳಿಸದೆ ಗಮನಿಸುವ) ಅಂಕಿಯಲ್ಲಿ 5 ಕಡಿತ. 14 ಇದ್ದವನದು 9 ಆಗುತ್ತದೆ. ಪಂಜಿಲ್ಲದೆ ನಡೆದರೆ ಶತ್ರುಗಳಿಗೆ ದೂರದಿಂದ ಕಾಣುವುದಿಲ್ಲ, ಆದರೆ ನೆಲದ ಮೇಲಿನ ತಂತಿಯೂ ನಿಮಗೆ ಕಾಣದು. ಈ ಆಯ್ಕೆಯನ್ನು ಆಟಗಾರರ ಮುಂದೆ ಬಾಯಿಬಿಟ್ಟು ಇಡಿ.

ಕೆಲ್ಸಿ ಡಿಯೋನ್ ಅವರ ಶ್ಯಾಡೋಡಾರ್ಕ್, 2023ರದ್ದು, ಇದೇ ಕತ್ತಲೆಯನ್ನು ಹಿಡಿದು ಇಡೀ ಆಟ ಕಟ್ಟಿದೆ. ಆಟಗಾರರ ಯಾವ ಕುಲಕ್ಕೂ ಡಾರ್ಕ್‌ವಿಷನ್ ಇಲ್ಲ, ಪಂಜು ಗಡಿಯಾರದ ನಿಜವಾದ ಒಂದು ಗಂಟೆ ಉರಿಯುತ್ತದೆ. ಟೇಬಲ್ ಮೇಲೆ ಫೋನಿನ ಟೈಮರ್ ಇಟ್ಟರೆ ಪಕ್ಕದ ಹರಟೆ ತಾನಾಗಿಯೇ ನಿಲ್ಲುತ್ತದೆ. ಸಾಮಾನಿಗೆ ಶಕ್ತಿಯ ಅಂಕಿಯಷ್ಟು ಅಥವಾ ಹತ್ತು, ಯಾವುದು ಹೆಚ್ಚೋ ಅಷ್ಟು ಜಾಗ. ತೂಕ ಕೂಡಿಸುವ ಗೋಳಿಲ್ಲ. ಐದನೇ ಆವೃತ್ತಿ ಆಡಿದವರಿಗೆ ಡಿ20, ಅಡ್ವಾಂಟೇಜ್ ಎಲ್ಲ ಪರಿಚಿತವೇ, ಅರ್ಧ ಗಂಟೆಯಲ್ಲಿ ಕಲಿಸಬಹುದು. ಹೊಸದರ ಮೈಕಟ್ಟಿಗೆ ಹಳೆಯ ಯಂತ್ರಗಳನ್ನು ಕೂಡಿಸಿದ ಪುಸ್ತಕಗಳಲ್ಲಿ ನನಗೆ ಇದೇ ಹೆಚ್ಚು ಮೆಚ್ಚುಗೆ. ಇದೇ ಬಗೆಯ ಇನ್ನೊಂದು ಆಟ ಪಾತ್‌ಫೈಂಡರ್ ಬೇರೆಯೇ ದಾರಿ ಹಿಡಿದಿದೆ, 2023ರಿಂದ ಬಂದ ಅದರ ರೀಮಾಸ್ಟರ್ (ಪರಿಷ್ಕೃತ) ಪುಸ್ತಕಗಳಲ್ಲಿ ಅಲೈನ್‌ಮೆಂಟ್ (ಒಳ್ಳೆಯ-ಕೆಟ್ಟ ಸ್ವಭಾವದ ಗುರುತು) ಇಲ್ಲ, ಸಾಮರ್ಥ್ಯಕ್ಕೆ 18, 14 ಅನ್ನುವ ಅಂಕಗಳ ಬದಲು ಬರೀ ಮಾಡಿಫೈಯರ್. ಕಾಳಗದ ಲೆಕ್ಕಾಚಾರ ಇಷ್ಟಪಡುವವರಿಗೆ ಅದು ಹೊಂದುತ್ತದೆ.

ರೀಮಾಸ್ಟರ್ ಯಾಕೆ ಬಂತು ಅನ್ನುವುದು ನಿಮಗೂ ಉಪಯೋಗದ ವಿಷಯ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುತ್ತಿದ್ದ, ಪಾತ್‌ಫೈಂಡರ್ ಕೂಡ ನೆಚ್ಚಿಕೊಂಡಿದ್ದ, 2000ದಿಂದ ಇದ್ದ ಓಪನ್ ಗೇಮ್ ಲೈಸೆನ್ಸ್ ಬದಲಿಸುವ ಯೋಜನೆ 2023ರ ಜನವರಿಯಲ್ಲಿ ಹೊರಬಿತ್ತು, ದೊಡ್ಡ ವಿರೋಧ ಎದ್ದಿತು. ಅದೇ ತಿಂಗಳ ಕೊನೆಗೆ ಐದನೇ ಆವೃತ್ತಿಯ ಮೂಲ ನಿಯಮಗಳ ಕಡತವಾದ ಎಸ್‌ಆರ್‌ಡಿ 5.1 ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಲೈಸೆನ್ಸ್ ಅಡಿ ಬಂತು. 2024ರ ನಿಯಮಗಳ ಎಸ್‌ಆರ್‌ಡಿ 5.2 ಕೂಡ 2025ರಲ್ಲಿ ಹಾಗೆಯೇ ಬಂದಿದೆ. ಪಿಡಿಎಫ್ ಉಚಿತ. ಹೊರದೇಶದಿಂದ ಬರುವ ಮೂರು ದಪ್ಪ ಪುಸ್ತಕಗಳಿಗೆ ದುಡ್ಡು ಹಾಕುವ ಮೊದಲು ಅದರಿಂದಲೇ ಕೆಲವು ತಿಂಗಳು ಆಡಿ ನೋಡಿ. ಹನ್ನೆರಡೂ ಕ್ಲಾಸ್ ಇವೆ, ಪ್ರತಿಯೊಂದಕ್ಕೆ ಒಂದೇ ಸಬ್‌ಕ್ಲಾಸ್. ಬಿಹೋಲ್ಡರ್, ಮೈಂಡ್ ಫ್ಲೇಯರ್ ಥರದ ಮಾನ್ಸ್ಟರ್‌ಗಳು ಇಲ್ಲ. ಕೊಳ್ಳುವುದಾದರೆ ಮೊದಲು ಹ್ಯಾಂಡ್‌ಬುಕ್, ಆಮೇಲೆ ಮಾನ್ಸ್ಟರ್ ಮ್ಯಾನುಯಲ್. ಡಂಜನ್ ಮಾಸ್ಟರ್ಸ್ ಗೈಡ್ ಕೊನೆಗೆ ಸಾಕು, ಅದರ ಪುಟ್ಟ ಸಾಹಸಗಳೂ ಗ್ರೇಹಾಕ್ ಅನ್ನುವ ಕಲ್ಪಿತ ಲೋಕದ ನಕ್ಷೆಯೂ ಹೊಸಬರಿಗೆ ಒಳ್ಳೆಯವೇ ಆದರೂ.

ಈ ಲೈಸೆನ್ಸ್ ಕನ್ನಡದಲ್ಲಿ ಆಡುವವರಿಗೂ ಬಾಗಿಲು ತೆರೆದಿದೆ. ಎಸ್‌ಆರ್‌ಡಿಯನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಮೂಲದ ಮೊದಲ ಪುಟದಲ್ಲಿ ಕೊಟ್ಟಿರುವ ಶ್ರೇಯದ ಹೇಳಿಕೆಯನ್ನು ಸೇರಿಸಬೇಕು, ಬದಲಾವಣೆ ಮಾಡಿದ್ದರೆ ಹಾಗೆಂದು ತಿಳಿಸಬೇಕು. ಇಡೀ ಪುಸ್ತಕಕ್ಕೆ ಕೈಹಾಕಬೇಡಿ. ಮೊದಲು ಹದಿನೈದು ಕಂಡೀಷನ್‌ಗಳನ್ನು (ಇನ್‌ವಿಸಿಬಲ್ ಥರದ ಸ್ಥಿತಿಗಳನ್ನು) ಅಂಗೈಯಗಲದ ಕಾರ್ಡ್‌ಗಳಾಗಿ ಮಾಡಿ, ಒಂದು ಕಾರ್ಡಿಗೆ ಒಂದು, ಇಂಗ್ಲಿಷ್ ಹೆಸರು ಹಾಗೇ ಇರಲಿ, ಪರಿಣಾಮ ಮಾತ್ರ ಕನ್ನಡದಲ್ಲಿ ಎರಡು ಮೂರು ಸಾಲು. ಆಮೇಲೆ ಕಾಳಗದ ಸರದಿಯಲ್ಲಿ ಮಾಡಬಹುದಾದ ಆಕ್ಷನ್‌ಗಳ ಒಂದು ಹಾಳೆ. ಅದರ ಹಿಂಬದಿಗೆ ರಿಯಾಕ್ಷನ್ ಪಟ್ಟಿ ಮತ್ತು ನೀವು ಹೆಚ್ಚಾಗಿ ಬಳಸುವ ಹತ್ತು ಮಾನ್ಸ್ಟರ್‌ಗಳ ಮೊರೇಲ್ ಅಂಕಿ ಬರೆದು ಡಿಎಂ ಪರದೆಯ ಒಳಗಡೆ ಅಂಟಿಸಿ.